ನಡುನೀರಿನಲ್ಲಿ ಹೌಸ್‌ಫುಲ್ ಲೆಕ್ಚರ್!

ಲೆಕ್ಚರ್ ಬೆಲ್ ಹೊಡೆಯುವ ಹೊತ್ತಿಗೆ ಸರಿಯಾಗಿ ಮ್ಯಾಟ್ನಿ ಕ್ಯೂನಲ್ಲಿ ನಿಂತಿರುವ ಸಿನಿರಸಿಕ ಮಿತ್ರರೇ, ಒಂದು ಮಾತು ಕೇಳ್ತೀನಿ. ಲಕ್ಷದ ಲೆಕ್ಕದಲ್ಲಿ ದುಡ್ಡು ಸುರಿದು ಹಡಗು ಹತ್ತಿ, ನಡುಸಮುದ್ರದಲ್ಲಿ ಲೆಕ್ಚರ್ ಕೇಳೋ ಜನ ಇದ್ದಾರೆ ಅಂದ್ರೆ ನಂಬ್ತೀರಾ? ಅದೂ ಈಜುಕೊಳ ಬಿಟ್ಟು, ಬಾರ್ ಬಿಟ್ಟು!

ನನಗೆ ಇದನ್ನು ಹೇಳಿದವನು ಹಳೇ ದೋಸ್ತ್, ಮಂಗಳೂರು ಕಡೆಯವನು. ಪಿಯುಸಿಯಲ್ಲಿ ನಮ್ಮದು ಒಂದೇ ಬೆಂಚು. ಒಂದೇ ವರ್ಷ ಇಬ್ಬರೂ ಕಾಲೇಜಿಗೆ ಕೈಮುಗಿದೆವು. ನಾನು ಪೆನ್ನು ಹಿಡಿದೆ, ಅವನು ಹಡಗು ಹಿಡಿದ. ಈಗ ಒಂದು ವಿದೇಶಿ ಪ್ರವಾಸಿ ಹಡಗಿನ ಥಿಯೇಟರಿನಲ್ಲಿ ಲೈಟು, ಮೈಕು ಎಲ್ಲಾ ಅವನದೇ ಉಸ್ತುವಾರಿ.

ಈ ಲೆಕ್ಚರ್ ಗಮ್ಮತ್ತು ನಡೆಯೋದು ದಡ ಕಾಣದ ದಿನಗಳಲ್ಲಿ. ‘ಕ್ವೀನ್ ಮೇರಿ 2’ ಹಡಗನ್ನೇ ತಗೊಳ್ಳಿ. 2004ರ ಜನವರಿಯಲ್ಲಿ ಮೊದಲ ಯಾನ ಹೊರಟ ಭಾರಿ ಹಡಗು ಅದು. ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಸಾಮಾನ್ಯವಾಗಿ ಏಳು ರಾತ್ರಿಯ ದಾರಿ. ಸುತ್ತ ಬರೀ ನೀರು. ಒಳಗೆ ‘ಇಲ್ಯೂಮಿನೇಷನ್ಸ್’ ಅಂತ ಒಂದು ಸಭಾಂಗಣ. ಸಿನಿಮಾನೂ ಅಲ್ಲೇ, ಭಾಷಣಾನೂ ಅಲ್ಲೇ. ಮೇಲಿಂದ ಗುಮ್ಮಟ ಇಳಿಸಿದರೆ ಅದೇ ತಾರಾಲಯ! ಸಮುದ್ರದ ಮೇಲಿನ ಮೊದಲ ತಾರಾಲಯ ಅದೇ. ಇತಿಹಾಸ ಬಲ್ಲವರು, ಲೇಖಕರು, ನಿವೃತ್ತ ರಾಯಭಾರಿಗಳು, ಗಗನಯಾತ್ರಿಗಳು ಅಲ್ಲಿ ಬಂದು ಮಾತಾಡ್ತಾರೆ.

ಇವರಿಗೆಲ್ಲ ಹೀರೋ ಸಂಭಾವನೆ ಅಂದ್ಕೊಂಡ್ರಾ? ಎಷ್ಟೋ ಹಡಗುಗಳಲ್ಲಿ ಭಾಷಣಕಾರನಿಗೆ ಸಿಗೋದು ಒಂದು ಕೋಣೆ, ಊಟ, ಪ್ರಯಾಣ, ಅಷ್ಟೇ. ಜತೆಗೆ ಹೆಂಡತಿಯನ್ನೋ ಗಂಡನನ್ನೋ ಕರೆದುಕೊಂಡು ಬರಬಹುದು. ಅದಕ್ಕೆ ಬದಲಾಗಿ ಮುಕ್ಕಾಲು ಗಂಟೆ ಮಾತು, ಆಮೇಲೆ ಪ್ರಶ್ನೋತ್ತರ.

ಕೇಳುವವರಿಗೆ ಹಾಜರಿ ಇಲ್ಲ, ಪರೀಕ್ಷೆ ಇಲ್ಲ. ಬೋರಾದರೆ ಎದ್ದು ಊಟಕ್ಕೆ ಹೋಗಬಹುದು. ‘ನಮ್ಮ ಫಸ್ಟ್ ಶೋ ಉಂಟಲ್ಲ, ಅದೇ ಕತೆ ಮಾರಾಯ’ ಅಂತಾನೆ ದೋಸ್ತ್. ‘ಚೀಟಿ ನೋಡಿ ಓದುವವರ ಹಾಲ್ ಎರಡನೇ ದಿನಕ್ಕೆ ಖಾಲಿ. ತಾನು ಕಂಡದ್ದು, ತಾನು ಮಾಡಿದ್ದು ಹೇಳುವವರಿಗೆ ನಿಲ್ಲಲಿಕ್ಕೂ ಜಾಗ ಇರುವುದಿಲ್ಲ.’

ಈಗ ನಮ್ಮ ಸಿನಿಮಾ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಹಳೇ ಚಿತ್ರಗಳನ್ನೇ ತೋರಿಸುವ ‘ಟರ್ನರ್ ಕ್ಲಾಸಿಕ್ ಮೂವೀಸ್’ ಅನ್ನೋ ಟಿವಿ ಚಾನೆಲ್ ಇದೆ. 2011ರ ಡಿಸೆಂಬರಿನಲ್ಲಿ ಅದು ಅಭಿಮಾನಿಗಳಿಗಾಗಿ ಮಯಾಮಿಯಿಂದ ಹಡಗು ಹೊರಡಿಸಿತು. ಹಡಗಿನಲ್ಲಿ ಸಿನಿಮಾ, ಜತೆಗೆ ಕಲಾವಿದರ ಮಾತು. ಹಿಚ್‌ಕಾಕ್‌ನ ‘ದಿ ಬರ್ಡ್ಸ್’ ನಾಯಕಿ ಟಿಪ್ಪಿ ಹೆಡ್ರನ್, ‘ಆನ್ ದಿ ವಾಟರ್‌ಫ್ರಂಟ್’ ನಾಯಕಿ ಈವಾ ಮರೀ ಸೇಂಟ್ ಬಂದಿದ್ದರು. ಇವರ ಜತೆಗೆ 94 ವರ್ಷದ ಅರ್ನೆಸ್ಟ್ ಬೋರ್ಗ್‌ನೈನ್!

ಈ ಬೋರ್ಗ್‌ನೈನ್ ಯಾರು ಗೊತ್ತಾ? ಹೈಸ್ಕೂಲ್ ಮುಗಿಸಿ ನೌಕಾದಳ ಸೇರಿ, ಸುಮಾರು ಹತ್ತು ವರ್ಷ ಅಲ್ಲೇ ಕಳೆದವರು. ಬಿಟ್ಟು ಬಂದ ಮೇಲೆ ನಟನಾಗು ಅಂದವಳು ಹೆತ್ತ ತಾಯಿ. 1953ರ ‘ಫ್ರಮ್ ಹಿಯರ್ ಟು ಎಟರ್ನಿಟಿ’ಯಲ್ಲಿ ಪ್ರೇಕ್ಷಕರು ಹಲ್ಲು ಕಡಿಯುವಂಥ ಖಳ. ಎರಡೇ ವರ್ಷಕ್ಕೆ ‘ಮಾರ್ಟಿ’ಯಲ್ಲಿ ಹೆಣ್ಣು ಸಿಗದೆ ಕೊರಗುವ ಮಾಂಸದಂಗಡಿಯವನ ಪಾತ್ರ, ಅದಕ್ಕೆ ಆಸ್ಕರ್! ಅಂಥ ಮನುಷ್ಯ ಕಣ್ಣೆದುರು ಕೂತಿದ್ದರೆ ನೀವಾದರೂ ಎದ್ದು ಊಟಕ್ಕೆ ಹೋಗ್ತೀರಾ?

ಆ ಯಾನ ಮುಗಿದು ಏಳೇ ತಿಂಗಳು. 2012ರ ಜುಲೈಯಲ್ಲಿ ಬೋರ್ಗ್‌ನೈನ್ ತೀರಿಕೊಂಡರು. ‘ಮಾರ್ಟಿ’ ಇವತ್ತೂ ನೋಡೋಕೆ ಸಿಗುತ್ತೆ. ಆದರೆ ‘ಆ ಸೀನ್ ತೆಗೆದ ದಿನ ಏನಾಯ್ತು ಸಾರ್?’ ಅಂತ ಕೇಳಿದರೆ ಹೇಳೋರು ಇಲ್ಲ. ಹಡಗಿನಲ್ಲಿ ಕೈ ಎತ್ತಿದವನೇ ಪುಣ್ಯವಂತ.

ನನ್ನ ದೋಸ್ತ್ ಅವನ ಹಡಗಿನಲ್ಲಿ ಹಾಗೆ ಕೈ ಎತ್ತುವಂತಿಲ್ಲ. ಪ್ರಯಾಣಿಕರ ನಡುವೆ ಕೂರುವ ಹಾಗೂ ಇಲ್ಲ. ಹಾಲಿನ ಹಿಂದೆ ಕತ್ತಲಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿ ನಿಂತಿರಬೇಕು. ಹಾಗೇ ನಿಂತು ಒಂದು ಕಾಂಟ್ರಾಕ್ಟಿನಲ್ಲಿ ಕೇಳಿದ ಭಾಷಣ ನೂರರ ಮೇಲಂತೆ! ಕಾಲೇಜಿನಲ್ಲಿ ಇಬ್ಬರೂ ಸೇರಿ ಅಷ್ಟು ಕೇಳಿದ್ದೆವೋ ಇಲ್ಲವೋ. ಪ್ರಶ್ನೆ ಕೇಳೋಕೂ ಅವನೇ ಒಂದು ಉಪಾಯ ಹುಡುಕಿದಾನೆ. ಭಾಷಣಕ್ಕೆ ಮೊದಲು ಅತಿಥಿಯ ಕಾಲರಿಗೆ ಮೈಕ್ ಸಿಕ್ಕಿಸಬೇಕಲ್ಲ, ಆಗ ‘ಹಲೋ, ಒನ್ ಟೂ ತ್ರೀ’ ಅನ್ನಿಸೋ ಬದಲು ತನ್ನದೊಂದು ಪ್ರಶ್ನೆ ಹಾಕ್ತಾನೆ. ಅವರು ಉತ್ತರ ಹೇಳ್ತಾರೆ, ಇವನು ಸೌಂಡ್ ಸರಿ ಮಾಡ್ಕೊಳ್ತಾನೆ.

ಹಡಗಿನ ಸೀಟು ನಮ್ಮ ಜೇಬಿಗೆ ದಕ್ಕೋದಲ್ಲ ಬಿಡಿ. ಆದರೆ ಪ್ರಶ್ನೆಗೆ ಟಿಕೆಟ್ ಇಲ್ಲ. ಮುಂದಿನ ಸಲ ಮದುವೆ ಮನೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಹಳೇ ಕಲಾವಿದರೊಬ್ಬರು ಕಣ್ಣಿಗೆ ಬಿದ್ದರೆ, ಸೆಲ್ಫಿ ಆಮೇಲೆ ತಗೊಳ್ಳಿ. ಮೊದಲು ಏನಾದರೂ ಒಂದು ಕೇಳಿ. ಏನಂತೀರಿ?