ಲೆಕ್ಕಕ್ಕೆ ಸಿಕ್ಕ ಮರಗಳು

ಹಲಸೂರಿಗೆ ಆ ಹೆಸರು ಬಂದದ್ದು ಹಲಸಿನ ತೋಪಿನಿಂದ ಎಂಬುದು ಪ್ರತೀತಿ. ಆಂಗ್ಲರ ನಾಲಗೆಯಲ್ಲಿ ಅದು ಅಲ್ಸೂರಾಯಿತು; ತೋಪು ಹೋಯಿತು, ಹೆಸರಷ್ಟೇ ಉಳಿಯಿತು. 1809ರಲ್ಲಿ ಅದರ ಮಗ್ಗುಲಲ್ಲಿ ದಂಡು ನೆಲೆಯೂರಿದ ಮೇಲೆ ಬೇರೆ ಮರಗಳು ಬಂದವು: ದಕ್ಷಿಣ ಅಮೆರಿಕದ ಮಳೆಮರ, ಮಡಗಾಸ್ಕರಿನ ಗುಲ್‌ಮೊಹರ್. ಪರದೇಶದವೆಂದು ಅವುಗಳ ನೆರಳಿನಲ್ಲಿ ನಿಲ್ಲಲು ಹಿಂಜರಿದವರನ್ನು ನಾನಂತೂ ಕಂಡಿಲ್ಲ.

ಈ ಮಾತಿಗೆ ಕಾರಣವಾದದ್ದು ದಂಡಿನ ರೈಲು ನಿಲ್ದಾಣದ ಬಳಿಯ ರೈಲ್ವೆ ಕಾಲೊನಿ. ಜೋಲಾರಪೇಟೆಯಿಂದ ಹೊರಟ ಹಳಿ 1864ರಲ್ಲಿ ಬಂದು ಮುಟ್ಟಿದ್ದು ಈ ನಿಲ್ದಾಣವನ್ನು. ಕಾಲೊನಿಯ ಎಂಟೂವರೆ ಎಕರೆಗೆ ಮಿಗಿಲಾದ ನೆಲವನ್ನು ವಾಣಿಜ್ಯಕ್ಕೆ ಒಪ್ಪಿಸುವ ಸಲುವಾಗಿ 368 ಮರಗಳನ್ನು ತೆಗೆಯುವ ಬಗ್ಗೆ 2025ರಲ್ಲಿ ಪ್ರಕಟಣೆ ಹೊರಟಿತು. ನಾಗರಿಕರು ಆಕ್ಷೇಪಣೆ ಸಲ್ಲಿಸಿದರು. ಆ ತಾಣವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರುವ ಇರಾದೆಯೂ ಸರ್ಕಾರದಿಂದ ವ್ಯಕ್ತವಾಯಿತು.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಸ್ವಂತ ಹಿತ್ತಲಿನ ಮರವನ್ನೂ ಕಡಿಯಲಾಗದು. ನೀಲಗಿರಿ, ಸರ್ವೆ ಮೊದಲಾದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಐವತ್ತಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳಬೇಕು. ಆದರೂ ಈ ಶಾಸನದ ಕಣ್ಣಿಗೆ ಮರವೆಂದರೆ ಒಂದು ಸಂಖ್ಯೆ. ಅರ್ಜಿ ಬರುವತನಕ ಅದು ಯಾವ ಮರವೆಂದು ಕೇಳುವವರಿಲ್ಲ. ಅರ್ಜಿ ಬಂದ ಮೇಲೆ ಕೇಳುವುದು ಎಷ್ಟು ಮರವೆಂದು.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಕ್ರಮ ಬೇರೆ. 1947ರ ನಗರ ಮತ್ತು ಗ್ರಾಮ ಯೋಜನಾ ಶಾಸನದಲ್ಲೂ ಈಗ ಜಾರಿಯಲ್ಲಿರುವ 1990ರದರಲ್ಲೂ ಸ್ಥಳೀಯ ಸಂಸ್ಥೆ ಒಂದೊಂದು ಮರದ ಮೇಲೆಯೇ ಸಂರಕ್ಷಣಾ ಆಜ್ಞೆ ಹೊರಡಿಸಬಲ್ಲುದು. ಚರ್ಚಿನ ಅಂಗಳದ ಓಕ್ ಮರ ನಕ್ಷೆಯಲ್ಲಿ ತನ್ನ ಗುರುತಿನೊಡನೆ ದಾಖಲಾಗಿರುತ್ತದೆ. ಅಪ್ಪಣೆಯಿಲ್ಲದೆ ಕಡಿದವನಿಗೆ ದಂಡ. ಅಲ್ಲದೆ ಮಾಲೀಕನು ಅದೇ ಸ್ಥಳದಲ್ಲಿ ಮತ್ತೊಂದನ್ನು ನೆಡಬೇಕು. ‘ಅದೇ ಸ್ಥಳದಲ್ಲಿ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ನಮ್ಮಲ್ಲಿ ಬೇರೆಡೆ ನೆಟ್ಟರೂ ನಡೆಯುತ್ತದೆ. ದಂಡಿನ ಮಳೆಮರಕ್ಕೆ ಬದಲಾಗಿ ಕೃಷ್ಣರಾಜಪುರದಾಚೆ ಹತ್ತು ಸಸಿ ನೆಟ್ಟರೆ ಕಡತ ಸರಿಹೋಗುತ್ತದೆ, ನಿಜ. ಮಧ್ಯಾಹ್ನದ ಬಿಸಿಲಿನಲ್ಲಿ ಗಂಟು ಹೊತ್ತು ರೈಲಿಗೆ ನಡೆಯುವ ಮುದುಕಿಗೆ ಆ ಹತ್ತು ಸಸಿಗಳಿಂದ ಆಗುವುದೇನು?

ಮರವನ್ನೇ ಹಿಡಿದು ಕೂತರೆ ಊರು ಬೆಳೆಯುವುದೆಂತು ಎನ್ನುವವರಿದ್ದಾರೆ. ಅವರ ಮಾತು ಪೂರಾ ಹುಸಿಯಲ್ಲ. 2011ರಲ್ಲಿ ಇಂದಿರಾನಗರದ ಮೇಲೆ ಮೆಟ್ರೋ ಓಡತೊಡಗಿತು. ಅದಕ್ಕಾಗಿ ಮರಗಳು ಹೋದವು. ನಿತ್ಯವೂ ಅದರಲ್ಲಿ ಕೂತು ಹೋಗುವವರು ನಾವೇ. ಮಳೆಗಾಳಿಗೆ ಮುರಿದು ಬೀಳುವ ಟೊಳ್ಳು ಮರವನ್ನು ತೆಗೆಯಲೂ ಬೇಕು. ಆದರೆ ಸಾರ್ವಜನಿಕ ರೈಲುಮಾರ್ಗಕ್ಕೆ ಮರ ತೆರುವುದು ಒಂದು, ಅಂಗಡಿ ಕಚೇರಿಗಳಿಗೆ ತೆರುವುದು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಹೊಸ ಶಾಸನವನ್ನೇ ತರಬೇಕಾಗಿಲ್ಲ. 2002ರ ಜೀವವೈವಿಧ್ಯ ಅಧಿನಿಯಮ ನಮ್ಮ ಕೈಯಲ್ಲಿದೆ. ಅದರಡಿ ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಿಸೆ ತೋಪು 2007ರಲ್ಲಿಯೇ ದೇಶದ ಮೊದಲ ಪಾರಂಪರಿಕ ತಾಣವಾಯಿತು. ಹಳ್ಳಿಯ ಹುಣಿಸೆಗೆ ದೊರೆತದ್ದು ದಂಡಿನ ಮಳೆಮರಕ್ಕೆ ದೊರೆಯಬಾರದೇಕೆ? ಅಷ್ಟರಲ್ಲಿ ಶಿವಾಜಿನಗರದಿಂದ ಹಲಸೂರಿನವರೆಗಾದರೂ ಹಳೆಯ ಮರಗಳ ಪಟ್ಟಿಯೊಂದು ಸಿದ್ಧವಾಗಲಿ: ಬೀದಿ, ಜಾತಿ, ಕಾಂಡದ ಸುತ್ತಳತೆ ಇಷ್ಟಿದ್ದರೆ ಸಾಕು. ಮುಂದಿನ ಅರ್ಜಿ ಬರುವ ಮುನ್ನ ಅದು ವೃಕ್ಷಾಧಿಕಾರಿಯ ಮೇಜಿನ ಮೇಲಿರಬೇಕು.