ಗ್ರಂಥಋಣ ತೀರಿಸುವ ಕ್ರಮ

ಕನ್ನಡ ಪುಸ್ತಕಗಳ ಕೊನೆಯಲ್ಲಿ ಲೇಖಕರು ತಾವು ಓದಿಕೊಂಡ ಪುಸ್ತಕಗಳ ಪಟ್ಟಿ ಕೊಟ್ಟು ಅದರ ಮೇಲೆ ‘ಗ್ರಂಥಋಣ’ ಎಂದು ಬರೆಯುವುದುಂಟು. ಎಷ್ಟು ಅರ್ಥವತ್ತಾದ ಮಾತು! ಆದರೆ ನಮ್ಮ ಮಕ್ಕಳು ಶಾಸ್ತ್ರೋತ್ಸವಕ್ಕೆ ತರುವ ಪ್ರಾಜೆಕ್ಟ್ ವರದಿಗಳ ಕೊನೆಯ ಪುಟ ತೆರೆದು ನೋಡಿ. ‘ಪಠ್ಯಪುಸ್ತಕ, ಪತ್ರಿಕೆಗಳು, ಇಂಟರ್ನೆಟ್’ ಎಂದು ಮೂರು ಪದ ಇರುತ್ತದೆ. ಸಾಲ ಯಾರಿಂದ ತಂದೆ ಎಂದು ಕೇಳಿದರೆ ‘ಊರಿನವರಿಂದ’ ಎಂದ ಹಾಗಾಯಿತು. ಆಕರಗಳನ್ನು ಬರೆಯುವ ಕ್ರಮವನ್ನು ಎಂಟನೆಯ ತರಗತಿಯಿಂದಲೇ, ಕನ್ನಡದಲ್ಲಿಯೇ ಕಲಿಸಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಇದು ಕಾಲೇಜಿನವರ ಕೆಲಸ, ನಮಗೇಕೆ ಎಂದು ಕೆಲವು ಅಧ್ಯಾಪಕ ಮಿತ್ರರು ಕೇಳಬಹುದು. ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇಂದು ಸಂಶೋಧನೆಗೂ ಹೋಗುತ್ತಿದ್ದಾರೆ. ವರ್ಷಗಟ್ಟಲೆ ದುಡಿದು ಬರೆದ ಲೇಖನವನ್ನು ವಿಜ್ಞಾನ ಪತ್ರಿಕೆಗೆ ಕಳಿಸಿದರೆ, ‘ಆಕರಗಳು ನಮ್ಮ ಪತ್ರಿಕೆಯ ಕ್ರಮದಲ್ಲಿಲ್ಲ’ ಎಂದು ಪರೀಕ್ಷೆಗೆ ಮುಂಚೆಯೇ ವಾಪಸು ಬರುವುದುಂಟು. ಆ ಕ್ರಮದ ಹೆಸರನ್ನು ನಮ್ಮ ಮಗು ಮೊದಲ ಸಲ ಕೇಳುವುದು ಆ ಪತ್ರದಲ್ಲಿ ಆಗಬಾರದು.

ನೋಡಿದರೆ ಕ್ರಮ ಕಷ್ಟದ್ದೇನಲ್ಲ. ಮುಖ್ಯವಾಗಿ ಎರಡು ದಾರಿ. ಒಂದರಲ್ಲಿ ವಾಕ್ಯದ ಪಕ್ಕದಲ್ಲೇ ಲೇಖಕರ ಹೆಸರು ಮತ್ತು ವರ್ಷ ಬರೆದು, ಕೊನೆಯಲ್ಲಿ ಅಕ್ಷರಾನುಕ್ರಮದ ಪಟ್ಟಿ ಕೊಡುವುದು. ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರ ಒಂದು ಲೇಖನದಲ್ಲಿ ಹೀಗೆ ಮಾಡಿದರು. ಇನ್ನೊಂದರಲ್ಲಿ ವಾಕ್ಯದ ಪಕ್ಕ ಬರೀ ಅಂಕಿ. ಪಟ್ಟಿಯಲ್ಲಿ ಅದೇ ಅಂಕಿಯ ಕ್ರಮ. 1978ರಲ್ಲಿ ವೈದ್ಯಕೀಯ ಪತ್ರಿಕೆಗಳ ಕೆಲವು ಸಂಪಾದಕರು ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಲೇಖನಗಳಿಗೆ ಒಂದೇ ಬಗೆಯ ನಿಯಮ ಇರಲೆಂದು ತೀರ್ಮಾನಿಸಿದರು. ಅದಕ್ಕೇ ಈ ಅಂಕಿಯ ಕ್ರಮಕ್ಕೆ ವ್ಯಾಂಕೂವರ್ ಕ್ರಮ ಎಂಬ ಹೆಸರು ಬಂತು. ಚುಕ್ಕಿ ಎಲ್ಲಿ, ಅಲ್ಪವಿರಾಮ ಎಲ್ಲಿ ಎಂಬುದು ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಯಾರು, ಯಾವಾಗ, ಏನನ್ನು, ಎಲ್ಲಿ, ಯಾವ ಪುಟದಲ್ಲಿ ಬರೆದರು ಎಂಬ ಐದು ಸಂಗತಿ ಮಾತ್ರ ಎಲ್ಲ ಕಡೆಯೂ ಬೇಕು.

ಇದು ಪಾಶ್ಚಾತ್ಯರ ಪದ್ಧತಿ ಎಂದು ದೂರ ಇಡುವ ಹಾಗೂ ಇಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನಗಿಂತ ಹಿಂದಿನ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಹೆಸರು ಹೇಳಿದೆ. ಇವರು ಕನ್ನಡದಲ್ಲಿ ಗದ್ಯ ಬರೆದಿದ್ದರು ಎಂದು ನಾವು ಇಂದು ಹೇಳುವುದು ಆ ಒಂದು ಉಲ್ಲೇಖದ ಬಲದಿಂದ.

ಹೆಸರು ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಅಡಿಕೆ ತೋಟದಲ್ಲೇ ಉದಾಹರಣೆ ಇದೆ. ನಮ್ಮ ಕಡೆ ಮಹಾಳಿ ಎಂದೂ ಕರೆಯುವ ಕೊಳೆರೋಗ ಎಲ್ಲರಿಗೂ ಗೊತ್ತು. ಮೈಸೂರು ಸರ್ಕಾರದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಲ್ಲಿ ಇದರ ಬಗ್ಗೆ ಪುಸ್ತಿಕೆ ಬರೆದರು. ರೋಗದ ಶಿಲೀಂಧ್ರಕ್ಕೆ ಇಟ್ಟ ಶಾಸ್ತ್ರೀಯ ಹೆಸರಿನ ಜೊತೆ ಅವರ ಹೆಸರು ಇಂದಿಗೂ ಕಂಸದಲ್ಲಿ ಬರುತ್ತದೆ. ಅದಕ್ಕೂ ಮೊದಲೇ, 1876ರಲ್ಲಿ, ಇಂಗ್ಲೆಂಡಿನ ಕುಕ್ ಎಂಬ ವಿಜ್ಞಾನಿ ಕಾಫಿ ಗಿಡದ ರೋಗದ ಶಿಲೀಂಧ್ರವೊಂದಕ್ಕೆ ‘ಪೆಲ್ಲಿಕ್ಯುಲೇರಿಯಾ ಕೊಳೆರೋಗ’ ಎಂದೇ ಹೆಸರಿಟ್ಟಿದ್ದರು. ಕನ್ನಡದ ಪದ ಲ್ಯಾಟಿನ್ನಿನ ಪಕ್ಕದಲ್ಲಿ ಕೂತಿತು. ಕುಕ್ ಅವರಿಗೂ ಕೋಲ್‌ಮನ್ ಅವರಿಗೂ ಸಲ್ಲಬೇಕಾದ ಗೌರವ ಸಂದಿದೆ, ಸಂತೋಷ. ಆದರೆ ಆ ರೋಗವನ್ನು ಮೊದಲು ಗುರುತಿಸಿ ಹೆಸರಿಟ್ಟವರು, ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುವ ಉಪಾಯ ಕಂಡವರು ಯಾರು? ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಇಂದು ಮಕ್ಕಳು ಊರಿನ ಹಿರಿಯ ಕೃಷಿಕರನ್ನು ಕೇಳಿ ಪ್ರಾಜೆಕ್ಟ್ ಬರೆಯುತ್ತಾರೆ. ಎಪಿಎ ಎಂಬ ಪ್ರಚಲಿತ ಕ್ರಮದಲ್ಲಿ, ಬಾಯಿಮಾತಿನಲ್ಲಿ ತಿಳಿದದ್ದನ್ನು ಲೇಖನದ ಒಳಗೆ ಸೂಚಿಸಿದರೆ ಸಾಕು, ಕೊನೆಯ ಪಟ್ಟಿಗೆ ಸೇರಿಸುವುದಿಲ್ಲ. ಓದುಗರು ಹುಡುಕಿ ತೆಗೆದು ನೋಡುವಂಥದ್ದು ಮಾತ್ರ ಪಟ್ಟಿಯಲ್ಲಿರಬೇಕು ಎಂಬುದು ಅದರ ಕಾರಣ. ನ್ಯಾಯವೇ. ಆದರೆ ಶಾಲೆಯ ವರದಿಗೆ ಆ ಕಟ್ಟಳೆ ಬೇಡ. ಮಾಹಿತಿ ಕೊಟ್ಟವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ಮಾತಾಡಿದ ದಿನಾಂಕ ಬರೆದು ಬೇರೆಯೇ ಒಂದು ಪಟ್ಟಿ ಕೊಡಲಿ. ‘ಹಿರಿಯರು ಹೇಳುತ್ತಾರೆ’ ಎಂದರೆ ಯಾರೂ ಹೇಳಿದಂತಾಗುವುದಿಲ್ಲ.

ಇನ್ನು ಹೆಸರಿನ ತೊಡಕು. ಈ ಕ್ರಮಗಳೆಲ್ಲ ಪ್ರತಿಯೊಬ್ಬರಿಗೂ ಕುಲನಾಮ ಇದೆ ಎಂದು ಭಾವಿಸಿ ಹುಟ್ಟಿದವು. ನಮ್ಮಲ್ಲಿ ಇನಿಶಿಯಲ್ ಎಂದರೆ ಊರು, ತಂದೆ, ಮನೆ, ಏನೂ ಆಗಬಹುದು. ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರ ‘ಬಿ’ ಬೆಂಗಳೂರು, ‘ಜಿ’ ಗುಂಡಪ್ಪ. ಅವರ ತಂದೆ ಡಿ.ವಿ.ಜಿ.ಯವರ ‘ಡಿ’ ದೇವನಹಳ್ಳಿ. ತಂದೆ ಮಗನಿಗೆ ಮೊದಲ ಅಕ್ಷರವೇ ಹೊಂದುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ‘ಭಟ್ ಎಸ್.’ ಎಂದು ಬರೆದರೆ ಎಷ್ಟು ಜನ ಓಗೊಟ್ಟಾರು? ಅಬ್ದುಲ್ ರಹಿಮಾನ್ ಎಂಬುದು ಒಂದೇ ಹೆಸರು. ಅದನ್ನು ಒಡೆದು ‘ರಹಿಮಾನ್ ಎ.’ ಎಂದು ಮಾಡಿದರೆ ಅರ್ಥವೇ ಕೆಡುತ್ತದೆ. ಆದ್ದರಿಂದ ಮಕ್ಕಳು ಹೆಸರನ್ನು ಮೊದಲಿಂದಲೂ ಒಂದೇ ರೀತಿ, ಪೂರ್ತಿಯಾಗಿ ಬರೆಯುವ ರೂಢಿ ಮಾಡಲಿ. ಮುಂದೆ ಸಂಶೋಧನೆಗೆ ಹೋದವರು ಆರ್ಕಿಡ್ ಸಂಖ್ಯೆ ಮಾಡಿಕೊಳ್ಳಲಿ. 2012ರಲ್ಲಿ ಶುರುವಾದ ಈ 16 ಅಂಕಿಯ ಗುರುತು ಉಚಿತ. ಹೆಸರು ಹೇಗೆ ತಿರುಗಿದರೂ ವ್ಯಕ್ತಿ ಒಬ್ಬರೇ ಎಂದು ಹೇಳುತ್ತದೆ.

ಕನ್ನಡ ಪತ್ರಿಕೆಯ ಲೇಖನವನ್ನು ಇಂಗ್ಲಿಷ್ ಲೇಖನದಲ್ಲಿ ಉಲ್ಲೇಖಿಸಬಾರದು ಎಂಬ ತಪ್ಪು ಕಲ್ಪನೆಯೂ ಇದೆ. ಖಂಡಿತ ಉಲ್ಲೇಖಿಸಬಹುದು. ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು ಚೌಕ ಕಂಸದಲ್ಲಿ ಅನುವಾದ ಕೊಡುವುದು ಎಪಿಎ ಕ್ರಮ. ಅನುವಾದ ಕೊಟ್ಟು ಕೊನೆಗೆ ಭಾಷೆಯ ಹೆಸರು ಹೇಳುವುದು ವೈದ್ಯಕೀಯ ಪತ್ರಿಕೆಗಳ ರೂಢಿ. 1988ರಿಂದ ಪುತ್ತೂರಿನಿಂದ ಬರುತ್ತಿರುವ ಅಡಿಕೆ ಪತ್ರಿಕೆಯಲ್ಲಿ ಕೃಷಿಕರೇ ಬರೆದ ಅನುಭವಗಳು ಎಷ್ಟಿಲ್ಲ! ನಾವೇ ಉಲ್ಲೇಖಿಸದಿದ್ದರೆ ಹೊರಗಿನವರು ಹೇಗೆ ಓದಿಯಾರು?

ಒಂದು ಎಚ್ಚರಿಕೆಯ ಮಾತು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳನ್ನು ಕೇಳಿದರೆ ಆಕರಗಳ ಪಟ್ಟಿ ಕ್ಷಣದಲ್ಲಿ ಬರುತ್ತದೆ. ಚುಕ್ಕಿ, ಕಂಸ ಎಲ್ಲ ಸರಿಯಿರುತ್ತದೆ, ಆದರೆ ಕೆಲವು ಲೇಖನಗಳು ಲೋಕದಲ್ಲೇ ಇರುವುದಿಲ್ಲ. ಕಣ್ಣಾರೆ ಓದದ್ದನ್ನು ಪಟ್ಟಿಗೆ ಸೇರಿಸಬಾರದು ಎಂಬ ಒಂದು ನಿಯಮ ಕಲಿಸಿದರೆ ಸಾಕು. ಜೊಟೆರೊದಂಥ ಉಚಿತ ತಂತ್ರಾಂಶ ಬಳಸಿದರೆ, ಒಮ್ಮೆ ತುಂಬಿದ ವಿವರವನ್ನು ಪತ್ರಿಕೆ ಕೇಳಿದ ಕ್ರಮಕ್ಕೆ ಅದೇ ಹೊಂದಿಸಿಕೊಡುತ್ತದೆ. ಕನ್ನಡ ವಿವರಗಳನ್ನು ಮಾತ್ರ ಯೂನಿಕೋಡ್‌ನಲ್ಲೇ ತುಂಬಿರಿ. ಹಳೆಯ ನುಡಿ ಅಕ್ಷರದಲ್ಲಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ, ಹುಡುಕಿದರೂ ಸಿಗದು.

ಮುಂದಿನ ಕ್ಲಸ್ಟರ್ ಸಭೆಯಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ಇಡೋಣ. ಐದು ಸಂಗತಿ ಬರೆದ ಒಂದು ಚಾರ್ಟ್ ಪ್ರತಿ ತರಗತಿಯ ಗೋಡೆಗೆ ಬರಲಿ. ಶಾಸ್ತ್ರೋತ್ಸವದ ತೀರ್ಪುಗಾರರೂ ದಯವಿಟ್ಟು ಮಾದರಿಯ ಬಣ್ಣ ನೋಡುವ ಮೊದಲು ವರದಿಯ ಕೊನೆಯ ಪುಟ ತೆರೆದು, ‘ಈ ಮಾತು ನಿನಗೆ ಎಲ್ಲಿ ಸಿಕ್ಕಿತು ಮಗೂ?’ ಎಂದು ಒಂದು ಪ್ರಶ್ನೆ ಕೇಳಲಿ.