ಅಂತರ್ಜಾಲ ದೂರವಾಣಿ: ಗಂಟೆ ಎಲ್ಲಿ ಬಾರಿಸಬೇಕು?

ದೆಹಲಿ, ನೋಯ್ಡಾ, ಗುರುಗ್ರಾಮಗಳ ಅನೇಕ ಕನ್ನಡ ಮನೆಗಳಲ್ಲಿ ಸ್ಥಿರ ದೂರವಾಣಿ ಈಗ ತಾಮ್ರದ ತಂತಿಯನ್ನು ಬಿಟ್ಟು ಫೈಬರ್ ಮೂಲಕ ಬರುತ್ತಿದೆ. ನೋಡಲು ಅದೇ ಉಪಕರಣ. ಒಳಗಿನ ವ್ಯವಸ್ಥೆ ಮಾತ್ರ ಸಂಪೂರ್ಣ ಬೇರೆ.

ಹಿಂದೆ ಎಕ್ಸ್‌ಚೇಂಜಿನಿಂದ ಮನೆಯವರೆಗೆ ಒಂದು ಜೊತೆ ತಂತಿ ಇರುತ್ತಿತ್ತು, ಸಂಖ್ಯೆಯೇ ವಿಳಾಸ. ಅಂತರ್ಜಾಲ ದೂರವಾಣಿಗೆ ಅಂಥ ನಿಶ್ಚಿತ ನೆಲೆಯಿಲ್ಲ. 2002ರ ಜೂನ್‌ನಲ್ಲಿ ಪ್ರಕಟವಾದ ‘ಸಿಪ್’ ನಿಯಮಾವಳಿಯ ಪ್ರಕಾರ, ತಾನು ಸದ್ಯ ಎಲ್ಲಿದ್ದೇನೆಂಬುದನ್ನು ಫೋನೇ ಸರ್ವರ್‌ನಲ್ಲಿ ನೋಂದಾಯಿಸಬೇಕು, ಅವಧಿ ಮುಗಿಯುವ ಮೊದಲು ನವೀಕರಿಸಬೇಕು. ಕರೆ ಬಂದಾಗ ಸರ್ವರ್ ಆ ದಾಖಲೆಯನ್ನು ನೋಡಿಯೇ ಗಂಟೆ ಬಾರಿಸುತ್ತದೆ.

ಒಂದು ಸರ್ವರ್ ಕೆಟ್ಟರೆ ಇರಲೆಂದು ಕಂಪನಿಗಳು ಇನ್ನೊಂದನ್ನು ಇಟ್ಟಿರುತ್ತವೆ. ತೊಡಕು ಹುಟ್ಟುವುದು ಇಲ್ಲಿಯೇ. ಫೋನು ಮೊದಲನೆಯದರಲ್ಲಿ ನೋಂದಣಿಯಾಗಿದ್ದು, ಕರೆ ಎರಡನೆಯದಕ್ಕೆ ಬಂದರೆ? ದಾಖಲೆ ಅಲ್ಲಿಗೆ ತಲುಪಿರದಿದ್ದರೆ, ಶಿವಮೊಗ್ಗದಿಂದ ಕರೆ ಮಾಡಿದ ತಾಯಿಗೆ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂಬ ಉತ್ತರ ಸಿಗುತ್ತದೆ. ಇತ್ತ ಮಗನ ಮನೆಯಿಂದ ಹೊರಹೋಗುವ ಕರೆಗಳು ಸರಾಗವಾಗಿ ಹೋಗುತ್ತಿರುವುದರಿಂದ ದೋಷವಿದೆಯೆಂಬ ಅನುಮಾನವೇ ಯಾರಿಗೂ ಬರುವುದಿಲ್ಲ.

ಬ್ಯಾಂಕಿನಲ್ಲಿ ತಲೆ ನರೆಸಿಕೊಂಡವರಿಗೆ ಇದು ಪರಿಚಿತ ಕಥೆ. ಕೋರ್ ಬ್ಯಾಂಕಿಂಗ್ ಬರುವ ಮುನ್ನ ಶಾಖೆಗಳು ನೂರಾರಿದ್ದರೂ ಗ್ರಾಹಕನ ಲೆಡ್ಜರ್ ಇರುತ್ತಿದ್ದುದು ಒಂದೇ ಶಾಖೆಯಲ್ಲಿ. ಪಕ್ಕದ ಬಡಾವಣೆಯ ಶಾಖೆಗೆ ಆತ ಅಪರಿಚಿತ.

ಪರಿಹಾರಗಳು ಎರಡು. ಸರ್ವರ್‌ಗಳು ನೋಂದಣಿ ದಾಖಲೆಯನ್ನು ಪರಸ್ಪರ ಹಂಚಿಕೊಳ್ಳುವುದು ಒಂದು. ನಕಲು ತಡವಾದರೆ ಇದು ಕೈಕೊಡುತ್ತದೆ. ಫೋನೇ ಏಕಕಾಲಕ್ಕೆ ಎರಡೂ ಕಡೆ ನೋಂದಾಯಿಸಿಕೊಳ್ಳುವುದು ಇನ್ನೊಂದು. 2009ರ ಅಕ್ಟೋಬರ್‌ನಲ್ಲಿ ಬಂದ ಪೂರಕ ನಿಯಮ ಇದಕ್ಕೆ ದಾರಿ ಮಾಡಿತು. ಎರಡು ಸಂಪರ್ಕಗಳನ್ನು ಸದಾ ಜೀವಂತವಾಗಿಡುವುದು ಮೊಬೈಲಿನ ಬ್ಯಾಟರಿಗೆ ಭಾರವಾದೀತು. ಗೋಡೆಯ ವಿದ್ಯುತ್ತಿನಿಂದ ನಡೆಯುವ ಮನೆಯ ಉಪಕರಣಕ್ಕೆ ಆ ನೆಪವಿಲ್ಲ.

ಎಲ್ಲ ಫೋನುಗಳೂ ಒಮ್ಮೆಲೇ ಮರುನೋಂದಣಿಗೆ ಮುಗಿಬೀಳುವ ಅಪಾಯವೂ ಉಂಟು. 2007ರ ಆಗಸ್ಟ್ 16ರಂದು ವಿಂಡೋಸ್ ಪರಿಷ್ಕರಣೆಯ ನಂತರ ಅಸಂಖ್ಯ ಗಣಕಯಂತ್ರಗಳು ಮರುಚಾಲನೆಗೊಂಡು ಸ್ಕೈಪ್‌ಗೆ ಒಟ್ಟಿಗೇ ಲಾಗಿನ್ ಆಗಲು ಯತ್ನಿಸಿದವು. ಆಗ ಅದರ ಜಾಲದಲ್ಲಿದ್ದ ದೋಷ ಹೊರಬಿದ್ದು ಸೇವೆ ಸುಮಾರು ಎರಡು ದಿನ ಅಸ್ತವ್ಯಸ್ತವಾಯಿತು. ಅಮೆರಿಕದ ಮಕ್ಕಳೊಡನೆ ವಾರಕ್ಕೊಮ್ಮೆ ಮಾತಾಡಲು ಅದನ್ನೇ ನೆಚ್ಚಿದ್ದ ಮನೆಗಳು ನಮ್ಮಲ್ಲಿ ಕಡಿಮೆಯಿರಲಿಲ್ಲ. ಆ ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು.

ಭಾರತದಲ್ಲಿ ಅಂತರ್ಜಾಲ ದೂರವಾಣಿಗೆ 2002ರ ಏಪ್ರಿಲ್‌ನಲ್ಲಿ ಸೀಮಿತ ಅನುಮತಿ ದೊರೆಯಿತು. 2018ರ ಜೂನ್‌ನ ಪರವಾನಗಿ ತಿದ್ದುಪಡಿಯು ಸಾಮಾನ್ಯ ದೂರವಾಣಿ ಜಾಲದೊಡನೆ ಅದನ್ನು ಬೆಸೆಯಲು ಹಾದಿ ತೆರೆಯಿತು. ಇನ್ನು ಇದನ್ನು ಹವ್ಯಾಸಿಗಳ ಸಾಧನವೆನ್ನಲಾಗದು; ವೃದ್ಧರಿರುವ ಮನೆಗೆ ರಾತ್ರಿ ಬರುವ ಕರೆ ಈ ದಾಖಲೆಯನ್ನೇ ಅವಲಂಬಿಸಿದೆ. ಆದ್ದರಿಂದ ಎಷ್ಟು ಸರ್ವರ್‌ಗಳಿವೆ ಎಂದು ಕಂಪನಿಯನ್ನು ಕೇಳುವುದಕ್ಕಿಂತ, ಒಂದು ನಿಂತಾಗ ನಮ್ಮ ಫೋನು ಎಲ್ಲಿದೆಯೆಂಬುದು ಇನ್ನೊಂದಕ್ಕೆ ಎಷ್ಟು ಹೊತ್ತಿನಲ್ಲಿ ತಿಳಿಯುತ್ತದೆ ಎಂದು ಕೇಳುವುದು ಲೇಸು. ವಿದ್ಯುತ್ ಹೋಗಿ ಬಂದ ದಿನ ಮನೆಯ ಸಂಖ್ಯೆಗೆ ಹೊರಗಿನಿಂದ ಒಂದು ಕರೆ ಮಾಡಿ ನೋಡುವುದಕ್ಕಂತೂ ಯಾರ ಅನುಮತಿಯೂ ಬೇಕಿಲ್ಲ.